ಒಳಮೂಲೆ ಮೆತ್ತಿದ ಸಂಗಣ್ಣ

ಸಂಗಣ್ಣ ಎದುರಿನಿಂದ ನಡೆದು ಬರುತ್ತಿದ್ದಾಗಲೂ ಪಕ್ಕದಿಂದ ಬರುತ್ತಿರುವವನಂತೆ ಕಾಣುತ್ತಿದ್ದ. ಎಡಭುಜ ಮುಂದೆ, ಬಲಭುಜ ಒಂದು ಗೇಣು ಹಿಂದೆ, ಕತ್ತು ಮಾತ್ರ ನೇರ. ಇಕ್ಕಟ್ಟಾದ ಸಂದಿಯಲ್ಲಿ ನುಸುಳುವವನ ಆ ಭಂಗಿ ಅಗಲವಾದ ರಸ್ತೆಯಲ್ಲಿಯೂ ಅವನನ್ನು ಬಿಡುತ್ತಿರಲಿಲ್ಲ. ಲೋಹದ ಎರಕ ಹೊಯ್ಯುವ ಮೊದಲು ಮರಳಿನಲ್ಲಿ ಯಾವ ಆಕಾರ ಮೂಡಬೇಕೋ ಅದನ್ನು ಮರದಲ್ಲಿ ಕೆತ್ತಿಕೊಡಬೇಕಷ್ಟೆ. ಪೀಣ್ಯದವರು ಆ ಮರದ ಆಕಾರವನ್ನು ಪ್ಯಾಟರ್ನ್ ಎನ್ನುತ್ತಾರೆ. ಅಂಥ ಪ್ಯಾಟರ್ನ್ ಮಾಡುವ ಅಂಗಡಿಯೊಂದರಲ್ಲಿ, ಎರಡು ಮೇಜುಗಳ ನಡುವಿನ ಒಂದೂವರೆ ಅಡಿ ಜಾಗದಲ್ಲಿ, ಇಪ್ಪತ್ತೆಂಟು ವರ್ಷಕಾಲ ಹಿಂದಕ್ಕೂ ಮುಂದಕ್ಕೂ ಓಡಾಡಿದ ದೇಹ ಅದು. ಅಂಗಡಿ ಮುಚ್ಚಿ ಹೋದರೂ ಆ ಒಂದೂವರೆ ಅಡಿಯನ್ನು ಅವನು ತನ್ನ ಜೊತೆಯಲ್ಲೇ ಹೊತ್ತುಕೊಂಡು ತಿರುಗುತ್ತಿದ್ದ.

ಅವನ ಮೈಮೇಲೊಂದು ಕಾಫಿಪುಡಿ ಬಣ್ಣದ ಕೋಟು ಸದಾ ಇರುತ್ತಿತ್ತು. ಏಪ್ರಿಲ್ ತಿಂಗಳ ಉರಿಯಲ್ಲಿ, ತಗಡಿನ ಚಾವಣಿಯ ಕೆಳಗೆ ಉಳಿದವರೆಲ್ಲ ಬನಿಯನ್ನಿಗೆ ಇಳಿದಿರುವಾಗಲೂ, ಕತ್ತಿನ ಗುಂಡಿಯವರೆಗೆ ಹಾಕಿಕೊಂಡ ಕೋಟು. ಒಳಜೇಬಿನಲ್ಲಿ ಒರಟಿನಿಂದ ನುಣುಪಿಗೆ ಕ್ರಮವಾಗಿ ಜೋಡಿಸಿದ ಉಜ್ಜುಕಾಗದದ ಹಾಳೆಗಳು. ಹೊರಜೇಬಿನಲ್ಲಿ ಉಳಿಯಿಂದ ಚೂಪು ಮಾಡಿದ ಚಪ್ಪಟೆ ಪೆನ್ಸಿಲ್. ಏನನ್ನು ಕೇಳಿದರೂ ಅವನ ಮೊದಲ ಉತ್ತರ ಒಂದೇ: "ನೋಡೂಣಂತ." ಆಗುತ್ತದೆ ಎಂದೂ ಅಲ್ಲ, ಆಗುವುದಿಲ್ಲ ಎಂದೂ ಅಲ್ಲ. ಕೊಪ್ಪಳದ ಕಡೆಯ ಆ ಮಾತಿನಲ್ಲಿ ಎಷ್ಟು ಒಪ್ಪಿಗೆಯಿತ್ತು, ಎಷ್ಟು ತಿರಸ್ಕಾರವಿತ್ತು ಎಂಬುದನ್ನು ಅಳೆಯುವ ಮಾಪಕ, ಅಂಗಡಿ ಮುಚ್ಚಿದ ಮೇಲೆ ಅವನು ಸೇರಿದ ಕಾರ್ಖಾನೆಯಲ್ಲಿ ಇರಲಿಲ್ಲ.

ಇದನ್ನೆಲ್ಲ ಮುನಿರಾಜುವಿನಷ್ಟು ಗಮನವಿಟ್ಟು ನೋಡಿದವರು ಬೇರೊಬ್ಬರಿಲ್ಲ. ಪ್ರೀತಿಯಿಂದ ನೋಡುವವರು ಕೆಲವನ್ನಾದರೂ ಬಿಟ್ಟುಬಿಡುತ್ತಾರೆ. ಹೊಟ್ಟೆಕಿಚ್ಚಿನಿಂದ ನೋಡುವವರ ಕಣ್ಣಿಗೆ ಏನೂ ತಪ್ಪಿಸಿಕೊಳ್ಳುವುದಿಲ್ಲ.

ಮುನಿರಾಜು ವರ್ತೂರಿನವನು. ಅಪ್ಪ ಮುನಿಯಣ್ಣ ಒಂದು ಕಾಲಕ್ಕೆ ಕೆರೆಯ ಕೆಳಗೆ ಸೊಪ್ಪು ಬೆಳೆದು ಮಾರುತ್ತಿದ್ದು, ಈಗ ಅದೇ ಜಾಗದ ಅಂಚಿನಲ್ಲಿ ಮೂರಂತಸ್ತಿನ ಬಾಡಿಗೆ ಮನೆ ಕಟ್ಟಿಸಿಕೊಂಡವನು. ಗಾಳಿ, ನೀರು ಇವುಗಳ ಹರಿವಿನ ಶಾಸ್ತ್ರದಲ್ಲಿ ಎಂ.ಟೆಕ್. ಮಾಡಿದ ಮುನಿರಾಜು ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಹತ್ತು ವರ್ಷ ಯಾರದೋ ದೇಶದ ಯಾವುದೋ ಎಂಜಿನ್ನಿನ ಮುಚ್ಚಳಗಳನ್ನು ಕಂಪ್ಯೂಟರಿನಲ್ಲಿ ತಿದ್ದುತ್ತ ಕುಳಿತು, ತನ್ನದೆಂದು ಹೇಳಿಕೊಳ್ಳುವಂಥದ್ದನ್ನು ಒಂದಾದರೂ ಮಾಡಬೇಕೆಂಬ ಹಂಬಲಕ್ಕೆ ಬಿದ್ದು, ಪೀಣ್ಯದ ಬಾಲಾಜಿಯ ಸಣ್ಣ ಕಾರ್ಖಾನೆಗೆ ಬಂದಿದ್ದ. ಬಾಲಾಜಿ ಅಪಾರ್ಟ್‌ಮೆಂಟುಗಳ ತಾರಸಿಗೆ ಗಾಳಿಯಂತ್ರ ಮಾಡಿ ಮಾರಬೇಕೆಂದು ಹೊರಟಿದ್ದ ಉತ್ಸಾಹಿ.

ಈ ಯಂತ್ರ ಬೆಟ್ಟಗಳ ಮೇಲೆ ಕಾಣುವ ದೈತ್ಯ ಪಂಖಗಳ ಜಾತಿಯದಲ್ಲ. ನಡುವೆ ನೆಟ್ಟಗೆ ಒಂದು ಕಂಬ; ಅದರ ಸುತ್ತ, ಅಷ್ಟೇ ನೆಟ್ಟಗೆ ನಿಂತ, ಆಳೆತ್ತರಕ್ಕಿಂತ ತುಸು ಉದ್ದದ ಮೂರು ರೆಕ್ಕೆ; ಪ್ರತಿ ರೆಕ್ಕೆಯನ್ನೂ ಕಂಬಕ್ಕೆ ಹಿಡಿದಿಡುವ ಎರಡೆರಡು ತೋಳು. ಉದ್ಯಾನದಲ್ಲಿ ಮಕ್ಕಳನ್ನು ಕೂರಿಸಿ ಸುತ್ತಿಸುವ ಚಕ್ರದಂತೆ ಅದು ಗಾಳಿ ಯಾವ ದಿಕ್ಕಿನಿಂದ ಬಂದರೂ ತಿರುಗುತ್ತದೆ. ಬೀಸುವ ಗಾಳಿಯ ಶಕ್ತಿಯಲ್ಲಿ ನೂರಕ್ಕೆ ಐವತ್ತೊಂಬತ್ತು ಪಾಲಿಗಿಂತ ಹೆಚ್ಚನ್ನು ಯಾವ ಗಾಳಿಯಂತ್ರವೂ ಹಿಡಿಯಲಾರದೆಂಬುದು ಶಾಸ್ತ್ರ. ಇಂಥ ನೆಟ್ಟ ಯಂತ್ರಗಳು ಅದರ ಅರ್ಧ ಮುಟ್ಟಿದರೂ ಪುಣ್ಯ. ಮೂವತ್ತನಾಲ್ಕು ಪಾಲು ಹಿಡಿಯುವ ರೆಕ್ಕೆಯನ್ನು ಮುನಿರಾಜು ಎರಡು ವರ್ಷ ಕುಳಿತು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ್ದ.

ಆ ರೆಕ್ಕೆಯನ್ನು ನಾರುಗಾಜಿನಲ್ಲಿ, ಎಂದರೆ ಫೈಬರ್‌ಗ್ಲಾಸಿನಲ್ಲಿ, ಎರೆಯಲು ಅಚ್ಚು ಬೇಕು, ಅಚ್ಚಿಗೆ ಮರದ ಪ್ಯಾಟರ್ನ್ ಬೇಕು. ಅಂಗಡಿ ಮುಚ್ಚಿ ಮನೆಯಲ್ಲಿ ಕುಳಿತಿದ್ದ ಸಂಗಣ್ಣನನ್ನು ರಾಜಗೋಪಾಲನಗರದಿಂದ ಬಾಲಾಜಿ ಕರೆತಂದದ್ದು ಹೀಗೆ.

ಹದಿನೈದು ದಿನಕ್ಕೆ ಮರದ ರೆಕ್ಕೆ ಸಿದ್ಧವಾಯಿತು. ಸಂಗಣ್ಣ ಕಣ್ಣು ಮುಚ್ಚಿಕೊಂಡು ಅದರ ಮುಂದಿನ ಅಂಚಿನ ಮೇಲೆ ಅಂಗೈಯನ್ನು ಮೆಲ್ಲಗೆ ಎಳೆಯುತ್ತ ಹೋಗಿ, ಒಂದೆಡೆ ನಿಲ್ಲಿಸಿದ.

"ಇಲ್ಲೊಂದ್ ಹೊಟ್ಟಿ ಬಂದೈತ್ರಿ ಸಾಹೇಬ್ರ."

ಮುನಿರಾಜು ಅಳತೆಗಳನ್ನು ತಾಳೆ ನೋಡಿದ. "ಡ್ರಾಯಿಂಗ್ ಹೇಗಿದೆಯೋ ಹಾಗೇ ಇದೆಯಲ್ಲ ಸಂಗಣ್ಣ."

"ಹೌದ್ರಿ. ಡ್ರಾಯಿಂಗ್‌ನಾಗೂ ಹೊಟ್ಟಿ ಐತಿ."

ಅಂದು ಸಂಜೆ ಮುನಿರಾಜು ತನ್ನ ಮೇಜಿಗೆ ಹೋಗಿ, ರೆಕ್ಕೆಯ ಅಂಚನ್ನು ನಿರ್ಧರಿಸುವ ಇನ್ನೂರು ಬಿಂದುಗಳ ಪಟ್ಟಿಯನ್ನು ಒಂದೊಂದಾಗಿ ನೋಡಿದ. ನಲವತ್ತೊಂದನೆಯ ಬಿಂದುವಿನಲ್ಲಿ, ದಶಮಾಂಶದ ಮೂರನೆಯ ಸ್ಥಾನದಲ್ಲಿ, ಒಂದು ಅಂಕಿ ತಪ್ಪಾಗಿ ಕುಳಿತಿತ್ತು. ತಾನೇ ಬೆರಳಚ್ಚಿಸಿದ ತಪ್ಪು. ತಿದ್ದಿದ, ಸಂಗಣ್ಣ ಉಬ್ಬಿದ ಆ ಹೊಟ್ಟೆಯನ್ನು ಅರ್ಧ ಗಂಟೆಯಲ್ಲಿ ಉಜ್ಜಿ ಇಳಿಸಿದ, ಆ ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ರಾತ್ರಿಯ ಊಟದ ಹೊತ್ತಿಗೆ ಮುನಿರಾಜು ಕಣ್ಣು ಮುಚ್ಚಿ ಊಟದ ಮೇಜಿನ ಮೇಲೆ ಅಂಗೈ ಎಳೆದು ನೋಡಿದ. ಮರುದಿನ ಬೀರುವಿನ ಬಾಗಿಲು, ಅದರ ಮರುದಿನ ಕಾರಿನ ಮುಂಭಾಗ. ನುಣುಪು ನುಣುಪಾಗಿತ್ತು, ತಗ್ಗು ತಗ್ಗಾಗಿತ್ತು. ಎಲ್ಲರ ಅಂಗೈಗೆ ತಿಳಿಯುವಷ್ಟು ತನ್ನ ಅಂಗೈಗೂ ತಿಳಿಯಿತೇ ಹೊರತು ಅದಕ್ಕಿಂತ ಒಂದು ಕೂದಲೆಳೆ ಹೆಚ್ಚಿಗೆ ತಿಳಿಯಲಿಲ್ಲ. ತನಗಿಂತ ಹೆಚ್ಚು ಓದಿದವರನ್ನು, ಹೆಚ್ಚು ಗಳಿಸಿದವರನ್ನು ಕಂಡು ಅವನಿಗೆ ಎಂದೂ ಅಷ್ಟಾಗಿ ಉರಿದದ್ದಿಲ್ಲ. ಅವರ ಹಾದಿ ಗೊತ್ತಿತ್ತು, ಬೇಕೆಂದರೆ ನಡೆಯಬಹುದಿತ್ತು. ಈ ಮನುಷ್ಯನ ಅಂಗೈಗೆ ಹೋಗುವ ಹಾದಿ ಎಲ್ಲಿಂದ ಶುರುವಾಗುತ್ತದೆಂಬುದೇ ಅವನಿಗೆ ತಿಳಿಯದು.

ಸಂಗಣ್ಣ ಸಾಧುವಾಗಿದ್ದರೆ ಸಹಿಸುವುದು ಸುಲಭವಿತ್ತೇನೋ. ಸಾಧುವಲ್ಲ. ಅವನ ಉಳಿಗಳನ್ನು ಯಾರೂ ಮುಟ್ಟಬಾರದು. ಮುಟ್ಟಿದರೆ ಮಾತು ಬಿಡುತ್ತಿದ್ದ, ಅದೂ ವಾರಗಟ್ಟಲೆ. ನಾರುಗಾಜಿನ ಕೆಲಸದವರು ಅವನ ಟೀ ಲೋಟದಲ್ಲಿ ಒಮ್ಮೆ ಬ್ರಷ್ಷು ನೆನೆಹಾಕಿದ್ದಕ್ಕೆ ಎರಡು ತಿಂಗಳು ಕಾರ್ಖಾನೆಯ ಟೀಯನ್ನೇ ಕುಡಿಯಲಿಲ್ಲ. ಕಲಿಸಿಕೊಡಿ ಎಂದವರಿಗೆ "ನೋಡೂಣಂತ" ಎಂದು ಹೇಳಿ ಎಂದೂ ನೋಡಲಿಲ್ಲ. ಅಳತೆಯನ್ನು ಮಿಲಿಮೀಟರಿನಲ್ಲಿ ಕೇಳಿದರೆ, ಗೊತ್ತಿದ್ದೂ ಗೊತ್ತಿದ್ದೂ, "ಒಂದ್ ಕಾಗದ", "ಎರಡ್ ಕಾಗದ", "ಒಂದು ಉಗುರು" ಎನ್ನುತ್ತಿದ್ದ. ಮುನಿರಾಜು ಇವನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡ. ಎಷ್ಟು ಜೋಡಿಸಿದರೂ ಆ ರಾಶಿ ಆ ಅಂಗೈಯನ್ನು ಮುಚ್ಚುವಷ್ಟು ಎತ್ತರಕ್ಕೆ ಏರುತ್ತಿರಲಿಲ್ಲ.

ಮೊದಲ ಯಂತ್ರವನ್ನು ಪರೀಕ್ಷೆಗಾಗಿ ನಿಲ್ಲಿಸಿದ್ದು ವರ್ತೂರಿನಲ್ಲಿ, ಮುನಿಯಣ್ಣನ ತಾರಸಿಯ ಮೇಲೆ. ಪೀಣ್ಯದಲ್ಲಿ ಶೆಡ್ಡುಗಳ ನಡುವೆ ಗಾಳಿ ಮುರಿಯುತ್ತಿತ್ತು. ಇಲ್ಲಿ ಕೆರೆಯ ಬಯಲಿತ್ತು. ಆಷಾಢದ ಗಾಳಿ ಎದ್ದಾಗ ಕೋಡಿಯ ಕಡೆಯ ಕೊಳೆನೀರಿನ ನೊರೆ ಚೂರು ಚೂರಾಗಿ ಹಾರಿ ಬಂದು ಒಣಹಾಕಿದ ಬಟ್ಟೆಗೆ ಅಂಟುವಷ್ಟು ಬಯಲು. ಸಂಗಣ್ಣ ಜೋಡಣೆಗೆಂದು ಮೂರು ದಿನ ಬಸ್ಸಿನಲ್ಲಿ ಅಷ್ಟು ದೂರ ಬಂದ. ಮೂರನೆಯ ದಿನ ಮುನಿರಾಜು ತಾರಸಿಗೆ ಹತ್ತಿ ಬಂದಾಗ, ಅವನೂ ಮುನಿಯಣ್ಣನೂ ನೀರಿನ ಟ್ಯಾಂಕಿನ ನೆರಳಿನಲ್ಲಿ ಕುಳಿತಿದ್ದರು. ಮುನಿಯಣ್ಣನ ಕೈಯಲ್ಲಿ ತೆಳುವಾದ ಒಂದು ಮರದ ಪಟ್ಟಿ. ಅದನ್ನು ಗಾಳಿಗೆ ಒಡ್ಡಿ ಹಿಡಿದಿದ್ದ.

"ಅಡ್ಡ ಹಿಡಿದ್ರ ನೂಕತೈತಿ," ಎನ್ನುತ್ತಿದ್ದ ಸಂಗಣ್ಣ. "ಈಗ ಸ್ವಲ್ಪ ವಾರಿ ಮಾಡ್ರಿ. ನೋಡ್ರಿ, ಎಳಕೊಂಡು ಹೊಂಟಿತು. ಆ ಎಳತದ ಮ್ಯಾಲೇನ ಇದು ತಿರಗೂದು."

ಮುನಿಯಣ್ಣ ಪಟ್ಟಿಯನ್ನು ಅತ್ತ ಇತ್ತ ವಾಲಿಸುತ್ತ ಮಗುವಿನಂತೆ ನಗುತ್ತಿದ್ದ. ಮಗನನ್ನು ಕಂಡು ಹೇಳಿದ: "ಎರಡ್ ವರ್ಸದಿಂದ ನೀನ್ ಏನ್ ಮಾಡ್ತಿದ್ದೀಯ ಅಂತ ಇವತ್ ಗೊತ್ತಾಯ್ತು ಕಣಪ್ಪ."

ಅದೇ ಎಳೆತವನ್ನು ಕೆಂಪು, ನೀಲಿ, ಹಸಿರು ಬಣ್ಣಗಳಲ್ಲಿ ಮುನಿರಾಜು ಲ್ಯಾಪ್‌ಟಾಪಿನಲ್ಲಿ ಅಪ್ಪನಿಗೆ ಎಷ್ಟು ಸಲ ತೋರಿಸಿರಲಿಲ್ಲ. "ಚೆನ್ನಾಗೈತೆ, ರಂಗೋಲಿ ಇದ್ದಂಗೈತೆ," ಎಂದು ಮುನಿಯಣ್ಣ ಪ್ರತಿ ಸಲವೂ ಎದ್ದು ಹೋಗುತ್ತಿದ್ದ. ಈಗ ಅವರಿಬ್ಬರೂ ಗಾಳಿಯ ಮಾತಿನಿಂದ ಬಾವಿಯ ಮಾತಿಗೆ, ಬಾವಿಯಿಂದ ಎತ್ತುಗಳ ಹಲ್ಲಿನ ಮಾತಿಗೆ ಹೋದರು. ಮುನಿರಾಜು ಯಂತ್ರದ ಬೋಲ್ಟುಗಳನ್ನು, ಬಿಗಿಯಾಗಿದ್ದವುಗಳನ್ನೇ, ಮತ್ತೆ ಬಿಗಿ ಮಾಡುತ್ತ ನಿಂತ.

ಯಂತ್ರ ತಿರುಗಿತು. ಎರಡು ವಾರದ ಗಾಳಿಯ ವೇಗವನ್ನೂ ಹುಟ್ಟಿದ ವಿದ್ಯುತ್ತನ್ನೂ ಹೋಲಿಸಿ ನೋಡಿದಾಗ ಸಿಕ್ಕಿದ ಪಾಲು ಹತ್ತೊಂಬತ್ತು. ಮೂವತ್ತನಾಲ್ಕೆಲ್ಲಿ, ಹತ್ತೊಂಬತ್ತೆಲ್ಲಿ. ಮುನಿರಾಜು ಉಪಕರಣಗಳನ್ನು ಬದಲಾಯಿಸಿದ, ರೆಕ್ಕೆಯ ಕೋನವನ್ನು ಒಂದೊಂದೇ ಡಿಗ್ರಿ ತಿರುಗಿಸಿದ, ರೆಕ್ಕೆಯ ಮೈಗೆ ಮೇಣ ಹಚ್ಚಿ ನೋಡಿದ. ಹತ್ತೊಂಬತ್ತು ಅಲುಗಲಿಲ್ಲ. ಮಹದೇವಪುರದ ಅಪಾರ್ಟ್‌ಮೆಂಟಿನವರು ಇಪ್ಪತ್ತೆರಡರ ಮೇಲಾದರೆ ಮಾತ್ರ ಆರು ಯಂತ್ರ ಕೊಳ್ಳುತ್ತೇವೆಂದಿದ್ದರು. ಅದು ಕೈತಪ್ಪಿದರೆ ಕಾರ್ಖಾನೆ ಮುಂದಿನ ವರ್ಷ ಕಾಣುವುದು ಅನುಮಾನವಿತ್ತು.

ಮುಂದಿನ ಭಾನುವಾರ ಮುನಿರಾಜು ಹೊಸಕೋಟೆಗೆ ಮದುವೆಗೆ ಹೋಗಿದ್ದ. ಬುಧವಾರ ಅಂಕಿಅಂಶಗಳನ್ನು ತೆರೆದು ನೋಡಿದರೆ ಭಾನುವಾರ ಮಧ್ಯಾಹ್ನದಿಂದ ಗೆರೆ ಮೇಲಕ್ಕೇರಿತ್ತು. ಇಪ್ಪತ್ತನಾಲ್ಕು. ಉಪಕರಣ ಕೆಟ್ಟಿದೆಯೆಂದುಕೊಂಡು ತಾರಸಿಗೆ ಓಡಿದ, ಬ್ರೇಕು ಹಾಕಿ ಯಂತ್ರ ನಿಲ್ಲಿಸಿದ, ಆಗ ಕಂಡಿತು.

ತೋಳು ರೆಕ್ಕೆಯನ್ನು ಸೇರುವಲ್ಲಿ, ಆರೂ ಕೂಡುಗಳಲ್ಲಿ, ಚೂಪಾಗಿದ್ದ ಒಳಮೂಲೆಗಳನ್ನು ಕಾರಿನ ತಗ್ಗು ತುಂಬುವ ಪುಟ್ಟಿಯಿಂದ ಯಾರೋ ಮೆತ್ತಿ, ಒಳಬಾಗಿಗೆ ತಿದ್ದಿ, ಉಜ್ಜಿ, ನುಣುಪು ಮಾಡಿದ್ದರು. ಬಟ್ಟಲಿನ ಒಳಮೈಯಂತೆ ತೋಳು ಎಲ್ಲಿ ಮುಗಿಯಿತು, ರೆಕ್ಕೆ ಎಲ್ಲಿ ಶುರುವಾಯಿತೆಂದು ಹೆಬ್ಬೆರಳಿಗೆ ತಿಳಿಯುತ್ತಿರಲಿಲ್ಲ. ಯಾರು ಎಂದು ಕೇಳಬೇಕಾದ ಅಗತ್ಯವೂ ಇರಲಿಲ್ಲ.

ಕಾರಣ ಮುನಿರಾಜುವಿಗೆ ನಿಂತಲ್ಲೇ ಹೊಳೆಯಿತು, ಅದೇ ಅವನ ದುರದೃಷ್ಟ. ಎರಡು ವರ್ಷ ಅವನು ಲೆಕ್ಕ ಹಾಕಿದ್ದು ರೆಕ್ಕೆಯ ಒಂದು ಅಡ್ಡಬಿಲ್ಲೆಗೆ ಮಾತ್ರ, ಕೊಯ್ದ ಬದನೆಕಾಯಿಯ ಹೋಳಿನಂಥ ಬಿಲ್ಲೆಗೆ. ಅದರಲ್ಲಿ ತೋಳುಗಳೇ ಇರಲಿಲ್ಲ. ತೋಳೇ ಇಲ್ಲದ ಲೆಕ್ಕದಲ್ಲಿ ತೋಳಿನ ಮೂಲೆ ಎಲ್ಲಿಂದ ಬರಬೇಕು. ಆ ಮೂಲೆಗಳಲ್ಲಿ ಗಾಳಿ ಸುಳಿಗಟ್ಟಿ, ರೆಕ್ಕೆಯನ್ನು ಪ್ರತಿ ಸುತ್ತಿನಲ್ಲೂ ಹಿಂದಕ್ಕೆ ಜಗ್ಗುತ್ತಿತ್ತು.

ಮರುದಿನ ಸಂಗಣ್ಣನನ್ನು ವರ್ತೂರಿಗೆ ಕರೆಸಿದ.

"ಇದನ್ನ ಯಾಕ್ ಮಾಡಿದ್ರಿ?"

"ಭಾನುವಾರ ನಟ್ ಬಿಗಿ ನೋಡಾಕ ಬಂದಿದ್ನಿರಿ. ಒಳಮೂಲಿ ಬರಿದ ಇದ್ವು."

"ಬರಿದಾಗಿದ್ರೆ?"

"ಒಳಮೂಲಿ ಬರಿದ ಬಿಡಬಾರದ್ರಿ. ಎರಕದಾಗ ಅಲ್ಲೇ ಬಿರುಕು ಬಿಡತೈತಿ."

"ಇದು ಎರಕ ಅಲ್ಲ ಸಂಗಣ್ಣ. ಡ್ರಾಯಿಂಗ್‌ನಲ್ಲಿ ಇಲ್ಲದ್ದನ್ನ ಮಾಡ್ಬಾರ್ದು. ಇದು ಕಿತ್ಕೊಂಡು ಯಾರ್ ಮೇಲಾದ್ರೂ ಬಿದ್ರೆ ಜವಾಬ್ದಾರಿ ನಂದು. ಗ್ರೈಂಡರ್ ತಂದು ತೆಗೆದ್ಬಿಡಿ."

ಸಂಗಣ್ಣ ಈ ಸಲ "ನೋಡೂಣಂತ" ಎನ್ನಲಿಲ್ಲ. ಗ್ರೈಂಡರ್ ತಂದು, ತಾನು ಮೆತ್ತಿದ್ದನ್ನು ತಾನೇ, ಆರೂ ಕಡೆ ಕೆತ್ತಿ ತೆಗೆದ. ಕೋಟಿನ ಮೇಲೆ ಬೂದು ಬಣ್ಣದ ಪುಡಿ ಕೂತಿತು. ಮುಗಿದ ಮೇಲೆ ಮೂಲೆಗಳನ್ನು ಬಟ್ಟೆಯಿಂದ ಒರೆಸಿ, ಗಾಳಿ ಬೀಸಿ ಹೋಗುವ ಕಡೆಗೆ ಹೋಗಿ ಕೋಟನ್ನು ಕೊಡವಿ, ಮತ್ತೆ ಗುಂಡಿ ಹಾಕಿಕೊಂಡು, ಮೆಟ್ಟಿಲಿಳಿದು ಬಸ್ಸಿಗೆ ಹೋದ. ಮುನಿಯಣ್ಣ ಟ್ಯಾಂಕಿನ ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡಿದ.

ವಾರದೊಳಗೆ ಗೆರೆ ಮತ್ತೆ ಹತ್ತೊಂಬತ್ತಕ್ಕೆ ಇಳಿಯಿತು. ಇಳಿಯುತ್ತದೆಂದು ಮುನಿರಾಜುವಿಗೆ ಗೊತ್ತಿತ್ತು. ಗೊತ್ತಿದ್ದೂ ತೆಗೆಸಿದ್ದೇಕೆ ಎಂದು ಅವನು ತನ್ನನ್ನು ಕೇಳಿಕೊಂಡಾಗ ಪರೀಕ್ಷೆಯ ಶಿಸ್ತು, ಖಚಿತಪಡಿಸಿಕೊಳ್ಳುವ ಕ್ರಮ ಎಂಬಂಥ ಒಳ್ಳೊಳ್ಳೆಯ ಮಾತುಗಳು ಸಿಕ್ಕವು. ಅವು ಸುಳ್ಳೂ ಅಲ್ಲ. ಆದರೆ ಗ್ರೈಂಡರಿನ ಸದ್ದು ಏಳುತ್ತಿದ್ದಾಗ ತನ್ನ ಎದೆಯಲ್ಲಿ ತಂಪಾಗಿ ಏನೋ ಇಳಿದದ್ದು ಅವನಿಗೆ ನೆನಪಿತ್ತು. ಆ ತಂಪಿಗೆ ಯಾವ ಶಿಸ್ತಿನ ಹೆಸರೂ ಹೊಂದುತ್ತಿರಲಿಲ್ಲ.

ಮುಂದಿನ ಒಂದು ತಿಂಗಳು ಅವನು ಹಗಲೆಲ್ಲ ಕೆಲಸ ಮಾಡಿದ. ಈ ಸಲ ತೋಳುಗಳನ್ನೂ ಸೇರಿಸಿ ಇಡೀ ಯಂತ್ರದ ಲೆಕ್ಕ ಹಾಕಿದ. ಮೂಲೆಯ ಬಾಗು ಎಷ್ಟಿರಬೇಕೆಂದು ಸೂತ್ರ ಕಟ್ಟಿದ. ಕೂಡುಗಳಿಗೆ ಹೊಸ ಡ್ರಾಯಿಂಗ್ ಬರೆದು ಕೆಳಗೆ ತನ್ನ ಸಹಿ ಹಾಕಿದ. ಶ್ರಮವೇನೋ ನಿಜ, ಲೆಕ್ಕವೂ ನಿಜ. ಹೊಸ ಕೂಡುಗಳನ್ನು ಹಾಕಿ ತಿರುಗಿಸಿದಾಗ ಗೆರೆ ಇಪ್ಪತ್ತೈದನ್ನು ಮುಟ್ಟಿತು.

"ಸಕ್ಕತ್ ಗುರು," ಎಂದ ಬಾಲಾಜಿ. "ಇದಕ್ಕೆ ಪೇಟೆಂಟ್ ಹಾಕ್ಲೇಬೇಕು."

ಅರ್ಜಿಯಲ್ಲಿ ಆವಿಷ್ಕರ್ತರು ಎಂಬ ಜಾಗದಲ್ಲಿ ಒಂದೇ ಹೆಸರು ಬಿತ್ತು. ಮಹದೇವಪುರದ ಆರು ಯಂತ್ರಗಳೂ ನಿಕ್ಕಿಯಾದವು. ಆರು ಯಂತ್ರಕ್ಕೆ ಹದಿನೆಂಟು ರೆಕ್ಕೆ, ಒಂದರಂತೆ ಒಂದಿರಬೇಕು. ಇನ್ನು ಮುಂದೆ ಅಚ್ಚುಗಳನ್ನು ಕಂಪ್ಯೂಟರ್ ನಡೆಸುವ ಯಂತ್ರದಲ್ಲಿಯೇ ಹೊರಗೆ ಕೆತ್ತಿಸುವುದು ಲೇಸೆಂದು ಮುನಿರಾಜು ಒಂದು ಪುಟದ ಟಿಪ್ಪಣಿ ಬರೆದುಕೊಟ್ಟ. ಅದರಲ್ಲಿ ಯಾವ ವ್ಯಕ್ತಿಯ ಹೆಸರೂ ಇರಲಿಲ್ಲ. ಬಾಲಾಜಿ ಸಂಕೋಚದಿಂದಲೇ ಸಂಗಣ್ಣನನ್ನು ಕರೆದು ಇನ್ನು ಮರದ ಕೆಲಸವಿಲ್ಲವೆಂದು ತಿಳಿಸಿದ. "ಹೌದಲ್ರಿ, ಮಷಿನ್ ಚಲೋ ಮಾಡತೈತಿ," ಎಂದನಂತೆ ಸಂಗಣ್ಣ. ಉಳಿಗಳನ್ನು ಒಂದೊಂದಾಗಿ ಎಣ್ಣೆಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿಕೊಂಡು, ಎರಡೂ ಬಾಗಿಲು ತೆರೆದಿದ್ದ ಗೇಟಿನಲ್ಲಿ, ಎಂದಿನಂತೆ ಅಡ್ಡಡ್ಡವಾಗಿ ನುಸುಳಿ ಹೊರಟುಹೋದ. ಮುನಿರಾಜು ಕಿಟಕಿಯಿಂದ ನೋಡಿದ. ಹಗುರವಾಗಬೇಕಿತ್ತು, ಆಗಲಿಲ್ಲ.

ಅರ್ಜಿ ಸಲ್ಲಿಕೆಯಾದ ವಾರ ಬಾಲಾಜಿ ಮೈಸೂರುಪಾಕಿನ ಡಬ್ಬಿ ಹಿಡಿದು ವರ್ತೂರಿಗೆ ಬಂದ. ಮುನಿಯಣ್ಣನ ಕೈಕುಲುಕಿ, ನಿಮ್ಮ ಮಗ ಆ ಮೂಲೆಯ ಗುಟ್ಟು ಕಂಡುಹಿಡಿಯದೆ ಇದ್ದಿದ್ದರೆ ನಾವು ಮುಳುಗುತ್ತಿದ್ದೆವು ಎಂದ. ಮುನಿಯಣ್ಣ ಒಂದು ತುಂಡು ತಿಂದ, ಕಾಫಿ ಕುಡಿಸಿದ, ಅತಿಥಿಯನ್ನು ಕಾರಿನವರೆಗೂ ಕಳಿಸಿ ಬಂದ. ಆಮೇಲೆ ಜಗುಲಿಯ ಕುರ್ಚಿಯಲ್ಲಿ ಕುಳಿತು, ಮಗನ ಕಡೆ ನೋಡದೆಯೇ ಹೇಳಿದ:

"ಆ ಪುಟ್ಟಿ ಕಲಸಿದ್ದು ನಾನು."

ಮುನಿರಾಜು ಕಾಫಿ ಲೋಟಗಳನ್ನು ಒಟ್ಟುಮಾಡತೊಡಗಿದ.

"ಡಬ್ಬಿ ಇಡ್ಕೊಂಡಿದ್ದೂ ನಾನೇ. ಆರೂ ಮೂಲೆಗೆ. ಅರ್ಜೀಲಿ ಅವ್ನ ಎಸ್ರು ಎಲ್ಲೈತೆ?"

"ಅದು ಯಾಕೆ ಕೆಲ್ಸ ಮಾಡ್ತು ಅಂತ ಅವನಿಗೆ ಗೊತ್ತಿಲ್ಲಪ್ಪ. ಬಿರುಕು ಬಿಡುತ್ತೆ ಅಂತ ಮೆತ್ತಿದ್ದು ಅವನು. ಗಾಳಿ ಅಲ್ಲಿ ಏನ್ ಮಾಡುತ್ತೆ ಅಂತ ಗೊತ್ತಿರೋದು ನನಗೆ."

"ನಿಂಗೆ ಯಾವಾಗ ಗೊತ್ತಾಯ್ತು?"

"ಅವನು ಮಾಡಿದ್ಮೇಲೆ."

ಮುನಿಯಣ್ಣ ತಲೆಯಾಡಿಸಿ, ಬಾಡಿಗೆಯವರಿಗೆ ನೀರು ಬಿಡುವ ಹೊತ್ತಾಯಿತೆಂದು ಮೋಟರು ಹಾಕಲು ಎದ್ದು ಹೋದ. ಬೈದಿದ್ದರೆ ಮುನಿರಾಜು ವಾದ ಮಾಡುತ್ತಿದ್ದ; ಅಪ್ಪ ಆ ಅವಕಾಶವನ್ನು ಕೊಡಲಿಲ್ಲ.

ಹತ್ತು ದಿನ ತಡೆದು, ಒಂದು ಶನಿವಾರ ಬೆಳಿಗ್ಗೆ ಮುನಿರಾಜು ರಾಜಗೋಪಾಲನಗರಕ್ಕೆ ಹೋದ. ಸಂಗಣ್ಣ ತನ್ನ ಮನೆಯ ಮುಂದಿನ ತಗಡಿನ ಮಾಡಿನ ಕೆಳಗೆ, ಫ್ಲ್ಯಾಟಿನವರಿಗೆಂದು ಅಂಗಡಿಯೊಂದು ಹೇಳಿದ್ದ ದೇವರಮಂಟಪದ ಗೋಪುರ ಕೆತ್ತುತ್ತಿದ್ದ. ಅದೇ ಕೋಟು. ಹೆಂಡತಿ ಮರೆವ್ವ ಒಳಗಿನಿಂದ ಮಣೆ ತಂದು ಹಾಕಿದಳು.

"ಪೇಟೆಂಟ್ ಅರ್ಜಿಯಲ್ಲಿ ನಿಮ್ಮ ಹೆಸ್ರು ಸೇರಿಸ್ಬೇಕು ಸಂಗಣ್ಣ. ನಿಮ್ಮ ಸೈನ್ ಬೇಕು."

"ಯಾತಕ್ರಿ?"

"ಆ ಮೂಲೆ ತುಂಬಿದ್ರಲ್ಲ, ಅದಕ್ಕೆ."

ಸಂಗಣ್ಣ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟ. "ಅದಾ? ಅದು ಎಲ್ಲಾರೂ ಮಾಡೂದ್ರಿ. ಮೂಲಿ ಕಂಡ್ರ ಮೆತ್ತೂದ. ಅದಕ್ಯಾತರ ಹೆಸರ್ರಿ."

ಮುನಿರಾಜು ತಿಂಗಳುಗಟ್ಟಲೆ ಕದ್ದಿಟ್ಟುಕೊಂಡು ಕಾಪಾಡಿದ್ದ ವಸ್ತುವನ್ನು ಅದರ ಒಡೆಯ ತನ್ನದೆಂದೇ ಎಣಿಸಿರಲಿಲ್ಲ. ಇದು ಅವಮಾನವೋ ಕ್ಷಮೆಯೋ ಎಂದು ತಿಳಿಯುವ ಮೊದಲೇ ಸಂಗಣ್ಣ ಮಾತು ಮುಂದುವರಿಸಿದ:

"ತುಂಬಿದ್ದು ನೆನಪಿಲ್ರಿ ಅಷ್ಟ. ತೆಗಿಸಿದ್ರಲ್ಲ, ಅದು ನೆನಪೈತಿ. ಯಾಕ ತೆಗಿಸಿದ್ರಿ?"

ಜವಾಬ್ದಾರಿ, ಡ್ರಾಯಿಂಗ್, ಪರೀಕ್ಷೆಯ ಕ್ರಮ ಎಲ್ಲವೂ ನಾಲಿಗೆಯ ತುದಿಯಲ್ಲಿದ್ದವು. ಮುನಿರಾಜು ಹೇಳಿದ್ದು ಬೇರೆ.

"ಹೊಟ್ಟೆಕಿಚ್ಚು ಸಂಗಣ್ಣ."

"ಯಾರ ಮ್ಯಾಲ?"

"ನಿಮ್ಮ ಮೇಲೆ."

ನಂಬುವುದೋ ಬಿಡುವುದೋ ಎಂದು ಸಂಗಣ್ಣ ಅವನನ್ನು, ಮರದ ತುಂಡೊಂದರ ಒಳಗೆ ಗಂಟಿದೆಯೋ ಇಲ್ಲವೋ ಎಂದು ನೋಡುವಂತೆ ನೋಡಿದ. ಬಾಗಿಲಲ್ಲಿ ನಿಂತಿದ್ದ ಮರೆವ್ವ ನಕ್ಕುಬಿಟ್ಟಳು.

"ಇವರಿಗೂ ಐತ್ರಿ ಅದು," ಎಂದಳು. "ಆ ಕೆತ್ತೂ ಮಷಿನ್ ಅಂಗಡಿ ಐತಲ್ಲ, ಎರಡನೇ ಕ್ರಾಸಿನಾಗ, ದಿನಾ ಅದರ ಮುಂದ ಹೋಗಿ ನಿಂದರ್ತಾರ. ಬಂದು ಉಣ್ಣಂಗಿಲ್ಲ."

"ನೀ ಒಳಗ ಹೋಗ," ಎಂದ ಸಂಗಣ್ಣ. ಆಮೇಲೆ, ಗೋಪುರದ ಮೇಲಿನ ಮರದ ಪುಡಿಯನ್ನು ಊದುತ್ತ, ಮುನಿರಾಜುವಿಗೋ ತನಗೋ ಎಂಬಂತೆ ಹೇಳಿದ: "ಅದಕ್ಕ ಕೈ ನಡಗೂದಿಲ್ಲಲ್ರಿ. ನಂದು ಎರಡು ವರ್ಷಾತು, ಮುಂಜಾನೆ ಹೊತ್ತು ನಡಗತೈತಿ."

ಇದು ಮುನಿರಾಜುವಿಗೆ ಗೊತ್ತಿರಲಿಲ್ಲ. ಅಷ್ಟು ಗಮನವಿಟ್ಟು ನೋಡಿದವನ ಕಣ್ಣಿಗೆ ಇದೊಂದು ಬಿದ್ದಿರಲಿಲ್ಲ.

ಸಂಗಣ್ಣ ಸಹಿ ಹಾಕುವ ಮೊದಲು ಡ್ರಾಯಿಂಗ್ ನೋಡಬೇಕೆಂದ. ಕಾಗದವನ್ನು ಮಂಡಿಯ ಮೇಲೆ ಹರಡಿಕೊಂಡು ಪೆನ್ಸಿಲ್ ತೆಗೆದ. "ಮುಂದೂ ಹಿಂದೂ ಒಂದ ಬಾಗು ಕೊಟ್ಟೀರಿ. ಹರಿಯೂ ವಸ್ತು ಒಳಗ ಬರೂವಾಗ ಇಷ್ಟ ಸಾಕ, ಹೋಗೂವಾಗ ಬಾಲ ಉದ್ದ ಬೇಕ್ರಿ," ಎಂದು ಹಿಂಬದಿಗೆ ಒಂದು ಉದ್ದನೆಯ ಗೆರೆ ಎಳೆದ. ಒಂದೇ ಎಳೆತ, ಅಳಿಸಲಿಲ್ಲ, ತಿದ್ದಲಿಲ್ಲ. ಮುನಿರಾಜುವಿನ ಹೊಟ್ಟೆಯೊಳಗೆ ಹಳೆಯ ಉರಿ ಮತ್ತೆ ಎದ್ದಿತು. ಕೊಡಲೆಂದು ಬಂದಾಗಲೂ ಈ ಮನುಷ್ಯ ತನ್ನನ್ನು ಪಡೆಯುವವನನ್ನಾಗಿಯೇ ಮಾಡಿ ಕಳಿಸುತ್ತಿದ್ದ.

ಅರ್ಜಿ ತಿದ್ದುಪಡಿಯಾಯಿತು, ಎರಡು ಹೆಸರಾದವು. ನಡೆದದ್ದನ್ನು ಮುನಿರಾಜು ಬಾಲಾಜಿಗೆ ತಾನೇ ಹೇಳಿದ. ಬಾಲಾಜಿ ಪೆನ್ನು ಕೆಳಗಿಟ್ಟು, "ಮೊದ್ಲೇ ಹೇಳಿದ್ರೆ ಏನ್ ಹೋಗ್ತಿತ್ತು ಗುರು," ಎಂದಷ್ಟೇ ಅಂದ. ಯಂತ್ರದಲ್ಲಿ ಕೆತ್ತಿ ಬಂದ ಅಚ್ಚುಗಳಿಗೂ ಕೊನೆಯ ನುಣುಪಿಗೆ ಕೈ ಬೇಕಾಗುತ್ತಿತ್ತು. ಗುರುವಾರ, ಶುಕ್ರವಾರ ಬರುವಂತೆ ಸಂಗಣ್ಣನಿಗೆ ಹೇಳಿಕಳಿಸಿದರು. "ನೋಡೂಣಂತ" ಎಂದ. ಬಂದ, ಬೆಳಿಗ್ಗೆ ಅಲ್ಲ, ಹನ್ನೊಂದರ ಮೇಲೆ. ಯಾಕೆ ತಡವೆಂದು ಮುನಿರಾಜು ಯಾರಿಗೂ ಕೇಳಗೊಡಲಿಲ್ಲ.

ಸಂಗಣ್ಣ ಎಳೆದ ಉದ್ದ ಬಾಲದ ಗೆರೆಯಂತೆಯೇ ಮುನಿರಾಜು ಆರೂ ಕೂಡುಗಳನ್ನು ಹೊಸದಾಗಿ ಮಾಡಿಸಿ ತಾರಸಿಯ ಯಂತ್ರಕ್ಕೆ ಹಾಕಿದ. ಮೂರು ವಾರ ಕಾದ. ಗೆರೆ ಇಪ್ಪತ್ತೈದರಲ್ಲೇ ಇತ್ತು, ಮೇಲೆಯೂ ಇಲ್ಲ, ಕೆಳಗೆಯೂ ಇಲ್ಲ. ಯಾವ ವ್ಯತ್ಯಾಸವೂ ಆಗಿರಲಿಲ್ಲ. ಅಂಕಿಗಳ ಮುಂದೆ ಕುಳಿತಿದ್ದ ಮುನಿರಾಜುವಿಗೆ ಒಂದು ಕ್ಷಣ, ಒಂದೇ ಕ್ಷಣ, ಪರೀಕ್ಷೆಯಲ್ಲಿ ಪಕ್ಕದವನು ನಪಾಸಾದದ್ದನ್ನು ಕೇಳಿದ ವಿದ್ಯಾರ್ಥಿಯ ಕೆಟ್ಟ ಸಂತೋಷ ಉಕ್ಕಿತು. ಅದು ಇಳಿದ ಮೇಲೆ ಉಳಿದ ನಾಚಿಕೆ ಬಹಳ ದಿನ ಇತ್ತು. ಸಹಿ ಹಾಕಿಸಿ, ಹೆಸರು ಸೇರಿಸಿ, ತಪ್ಪೊಪ್ಪಿಕೊಂಡು, ಎಲ್ಲ ಮುಗಿಯಿತೆಂದುಕೊಂಡಿದ್ದ. ಮುಗಿಯುವುದಿರಲಿ, ಆ ಹೊಟ್ಟೆಕಿಚ್ಚು ಎಷ್ಟು ಆಳಕ್ಕೆ ಇಳಿದಿದೆಯೆಂದು ಅವನಿಗೆ ಕಂಡದ್ದೇ ಅಂದು.

ಗುರುವಾರ ಹೇಳಿದ: "ಆ ಬಾಲದಿಂದ ಏನೂ ಹೆಚ್ಚಾಗ್ಲಿಲ್ಲ ಸಂಗಣ್ಣ."

"ಹಂಗಾದ್ರ ತಗದ ಬಿಡ್ರಿ," ಎಂದ ಸಂಗಣ್ಣ, ಅಚ್ಚಿನಿಂದ ಕೈ ಎತ್ತದೆ. "ಮಾಡಿ ನೋಡಿದ್ರಲ್ಲ, ಸಾಕ."

ದನಿಯಲ್ಲಿ ನೋವಿರಲಿಲ್ಲ, ನೋವನ್ನು ಮುಚ್ಚಿಟ್ಟ ಬಿಗುವೂ ಇರಲಿಲ್ಲ. ತನ್ನ ಗೆರೆ ಸೋತಿತೆಂಬ ಸುದ್ದಿಯನ್ನು ಅವನು ಹೊರಗೆ ಮೋಡವಾಗಿದೆ ಎಂಬ ಸುದ್ದಿಯಂತೆ ಕೇಳಿಸಿಕೊಂಡ.

ನಮ್ಮ ಕಾರ್ಖಾನೆಗಳಲ್ಲಿ, ಶೆಡ್ಡುಗಳಲ್ಲಿ, ಇಂಥವರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರನ್ನು ಋಷಿಗಳೆಂದು ಹೊಗಳುವವರು ಅವರ ಪಕ್ಕದಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ. ಅವರಿಗೂ ಹಟವಿದೆ, ಮುನಿಸಿದೆ, ಅವರವರ ಪಾಲಿನ ಹೊಟ್ಟೆಕಿಚ್ಚೂ ಇದೆ. ಆದರೆ ಅವರ ಅಭಿಮಾನವೆಲ್ಲ ಉಳಿಯ ಅಲಗಿನಲ್ಲಿ, ಟೀ ಲೋಟದಲ್ಲಿ, ನಡುಗುವ ಕೈಯಲ್ಲಿ ಇರುತ್ತದೆಯೇ ಹೊರತು, ಮಾಡಿದ ಕೆಲಸದ ಮೇಲೆ ತಮ್ಮ ಹೆಸರಾಗಿ ಕೂರುವುದಿಲ್ಲ. ಕೆಲಸ ಸರಿಹೋದರೆ ಅದು ಕೆಲಸದ ಗುಣ, ಸರಿಹೋಗದಿದ್ದರೆ ಕೆತ್ತಿ ತೆಗೆದು ಇನ್ನೊಂದು. ಅಂಥವರನ್ನು ಕಂಡು ಕರುಬುವವನು ತನಗೆ ಅವರ ಕೈ ಬೇಕೆಂದುಕೊಂಡಿರುತ್ತಾನೆ. ನಿಜವಾಗಿ ಅವನಿಗೆ ಬೇಕಾದದ್ದು ಹೆಸರಿಗೆ ಅಂಟಿಕೊಳ್ಳದ ಆ ಹಗುರ. ಅದನ್ನು ಯಾವ ಅರ್ಜಿಯಲ್ಲಿಯೂ ತನ್ನ ಹೆಸರಿಗೆ ಬರೆಸಿಕೊಳ್ಳಲಾಗದೆಂಬುದು, ಬರೆಸಿಕೊಳ್ಳಲು ಹೋದವನಿಗೆ ಮಾತ್ರ ತಿಳಿಯುತ್ತದೆ.